ಓಮ್ನಿಗೆ ಮೂರನೇ ಸಲ ಹೆಡ್ ಗ್ಯಾಸ್ಕೆಟ್ ಹಾಕಿಸಿದೆ, ರೇಡಿಯೇಟರ್‌ನಲ್ಲಿ ಮತ್ತೆ ಗುಳ್ಳೆ

ನರ್ಸರಿಮನೆ
ಎಲ್ಲರಿಗೂ ನಮಸ್ಕಾರ. ನನ್ನದು 2003ರ ಮಾರುತಿ ಓಮ್ನಿ. ಸುಳ್ಯದ ಹತ್ತಿರ ಸಣ್ಣದೊಂದು ನರ್ಸರಿ ಇದೆ. ವಾರಕ್ಕೆ ಎರಡು ಸಲ ಮೆಣಸಿನ ಬಳ್ಳಿ, ಕಸಿ ಗಿಡ ತುಂಬಿಕೊಂಡು ಮಡಿಕೇರಿಗೆ ಹೋಗುತ್ತೇನೆ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಸಂಪಾಜೆ ಘಟ್ಟದಲ್ಲಿ ಮೊದಲ ಸಲ ಎಂಜಿನ್ ಕುದಿಯಿತು. ಮೆಕ್ಯಾನಿಕ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿ, ಫೇಸಿಂಗ್ ಮಾಡಿಸಿ (ತಳ ಸಮತಟ್ಟು ಮಾಡಿಸಿ), ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವೆ ಕೂರುವ ಹೊಸ ಗ್ಯಾಸ್ಕೆಟ್ ಹಾಕಿದರು. ಎರಡು ತಿಂಗಳಲ್ಲಿ ಅದೇ ಕಥೆ. ಮತ್ತೆ ಗ್ಯಾಸ್ಕೆಟ್. ಈಗ ಮೂರನೆಯದು ಹಾಕಿ ಹದಿನೆಂಟು ದಿನ ಆಗಿದೆ. ಇವತ್ತು ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಸೋಡಾ ಬಾಟಲಿಯ ಹಾಗೆ ಸಣ್ಣ ಸಣ್ಣ ಗುಳ್ಳೆ. ಕೆಳಗೆ ಒಂದು ಹನಿಯೂ ಸೋರುವುದಿಲ್ಲ, ಆದರೂ ನೂರು ಕಿಲೋಮೀಟರಿಗೆ ಅರ್ಧ ಲೀಟರ್ ನೀರು ಕಾಣೆ. ಸೈಲೆನ್ಸರ್‌ನಲ್ಲಿ ಆಗಾಗ ಬಿಳಿ ಹೊಗೆ. ಇಲ್ಲಿಯವರೆಗೆ ಹತ್ತೊಂಬತ್ತು ಸಾವಿರ ಹೋಗಿದೆ. ಬ್ಲಾಕೇ ಹೋಗಿದೆ, ಹಳೆಯ ಎಂಜಿನ್ ನೋಡೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಏನು ಮಾಡಲಿ?

ಘಟ್ಟದಕೆಳಗೆ
ಮಾರಿಬಿಡಿ ಮಾರಾಯರೇ.

ಹಳೇಗಾಡಿ
ಮೊದಲ ಉತ್ತರವೇ ಮಾರಿಬಿಡಿ! ಇಪ್ಪತ್ತು ವರ್ಷ ದುಡಿದ ಗಾಡಿ ಅದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಬಿಚ್ಚಿ ಕಟ್ಟಲು ಅದಕ್ಕಿಂತ ಸುಲಭದ್ದು ನಮ್ಮ ದೇಶದಲ್ಲಿ ಇನ್ನೊಂದು ಬಂದಿಲ್ಲ.

ನರ್ಸರಿಯವರೇ, ಎಂಜಿನ್ ಬದಲಿಸುವ ಮಾತು ಪಕ್ಕಕ್ಕಿಡಿ. ಇಷ್ಟಕ್ಕೆ ಉತ್ತರ ಕೊಡಿ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಹೇಗಿದೆ, ನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣವೇ? ರೇಡಿಯೇಟರ್ ಮುಚ್ಚಳ ಯಾವ ಕಾಲದ್ದು? ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಇದೆಯೋ, ಕಿತ್ತು ಎಸೆದಿದ್ದಾರೋ? ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ತೊಳೆದಂತೆ ಬೆಳ್ಳಗಿದೆ? ನೀರು ಒಳಗೆ ಹೋಗುತ್ತಿರುವ ಸಿಲಿಂಡರಿನ ಪ್ಲಗ್ ಹಬೆಯಲ್ಲಿ ತೊಳೆದ ಹಾಗೆ ಇರುತ್ತದೆ. ಗ್ಯಾಸ್ಕೆಟ್ ಎಲ್ಲಿ ಹೋಗಿದೆ ಎಂದು ಹೆಡ್ ಬಿಚ್ಚದೆಯೇ ಅದು ಹೇಳುತ್ತದೆ.

ಬಯಲುಸೀಮೆ
ಯಾವ ನೀರು ಹಾಕುತ್ತೀರಿ? ನಮ್ಮ ಕಡೆ ಬೋರ್‌ವೆಲ್ ನೀರು ಹಾಕಿ ಹಾಕಿ ನಮ್ಮ ತಂದೆಯವರ ಕಾರಿನ ರೇಡಿಯೇಟರ್ ಸುಣ್ಣದ ಗೂಡಾಗಿತ್ತು. ಮೇಲಿನ ಟ್ಯಾಂಕ್ ಬಿಚ್ಚಿದಾಗ ಕೊಳವೆಗಳ ಬಾಯಿಯೇ ಕಾಣಲಿಲ್ಲ, ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ ಹಕ್ಕಳೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಐದು ಲೀಟರ್ ತಂದರೆ ಆಗುವ ಖರ್ಚು ಎಷ್ಟು? ಜಿಪುಣತನ ಮಾಡಿ ರೇಡಿಯೇಟರನ್ನೇ ಬದಲಿಸಿದೆವು.

ನರ್ಸರಿಮನೆ
ಬಯಲುಸೀಮೆ ಅವರೇ, ನಮ್ಮದು ಬಾವಿ ನೀರು, ಮೆದುವಾಗಿಯೇ ಇದೆ. ಈಗಂತೂ ಬರೀ ನೀರಿನ ಬದಲು ಹಸಿರು ಕೂಲಂಟ್ ಹಾಕಿದ್ದೇನೆ.

ಹಳೇಗಾಡಿ ಅವರೇ, ಆಯಿಲ್ ಜೇನಿನ ಹಾಗೆ ಶುದ್ಧವಾಗಿದೆ. ಮುಚ್ಚಳ ಗಾಡಿ ಕೊಂಡಾಗಿನದ್ದು. ಥರ್ಮೋಸ್ಟಾಟ್ ಎರಡನೇ ಸಲ ಬಿಚ್ಚಿದಾಗ ತೆಗೆದರಂತೆ, ನನಗೆ ಹೇಳಿರಲಿಲ್ಲ. ಪ್ಲಗ್ ಈಗಷ್ಟೇ ಬಿಚ್ಚಿ ನೋಡಿದೆ. ಮೂರೂ ಒಂದೇ ಥರ ಬೆಳ್ಳಗೆ ತೊಳೆದಂತಿವೆ.

ಹಳೇಗಾಡಿ
ಮೂರೂ? ವಿಚಿತ್ರ. ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಪಕ್ಕದ ಎರಡು.

ಲೇತ್‌ಶೆಡ್
ಹೆಡ್ ಫೇಸಿಂಗ್ ಮಾಡುವುದೇ ನನ್ನ ಕೆಲಸ, ಅದಕ್ಕೆ ನಾಲ್ಕು ಮಾತು ಹೆಚ್ಚು ಬರೆಯುತ್ತೇನೆ.

ಗ್ಯಾಸ್ಕೆಟ್ ತಾನಾಗಿ ಹೋಗುವುದು ಕಡಿಮೆ. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದು ಸಲ ಜೋರಾಗಿ ಕುದಿಸಿದರೆ ಹೆಡ್ ಬಾಗುತ್ತದೆ. ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಉಕ್ಕಿನ ಪಟ್ಟಿ) ಇಟ್ಟು ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳು) ತೂರಿಸಿದರೆ 0.05 ಮಿಲಿಮೀಟರಿಗಿಂತ ದಪ್ಪದ ಎಲೆ ಹೋಗಬಾರದು. ನಮ್ಮಲ್ಲಿಗೆ ಬರುವ ಹತ್ತು ಹೆಡ್‌ಗಳಲ್ಲಿ ಅಳತೆ ನೋಡಿ ತಂದವರು ಒಬ್ಬರೋ ಇಬ್ಬರೋ. ಉಳಿದವರದ್ದು ‘ಒಂದು ಫೇಸಿಂಗ್ ಹೊಡೆದುಬಿಡಿ ಅಣ್ಣ’ ಅಷ್ಟೇ. ನಿಮ್ಮದನ್ನು ಮೂರು ಸಲ ಹೊಡೆದಿದ್ದರೆ ಒಟ್ಟು ಎಷ್ಟು ತೆಗೆದಿದ್ದಾರೆ ಎಂದು ಕೇಳಿ. ಹೆಡ್ ತೆಳುವಾದಷ್ಟೂ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಏರುತ್ತದೆ, ಎಂಜಿನ್ ಕಟಕಟ ಎನ್ನತೊಡಗುತ್ತದೆ.

ಇನ್ನೊಂದು, ಯಾರೂ ನೋಡದ ಜಾಗ: ಬ್ಲಾಕ್‌ನಲ್ಲಿ ಹೆಡ್ ಬೋಲ್ಟ್ ಕೂರುವ ತೂತುಗಳು. ಹೆಡ್ ಎತ್ತುವಾಗ ಕೂಲಂಟ್, ಆಯಿಲ್ ಅದರೊಳಗೆ ಇಳಿದು ತಳದಲ್ಲಿ ನಿಲ್ಲುತ್ತದೆ. ಒರೆಸದೆ ಬೋಲ್ಟ್ ತಿರುಗಿಸಿದರೆ ಅದು ಒಳಗಿನ ದ್ರವವನ್ನು ಒತ್ತುತ್ತದೆಯೇ ಹೊರತು ಹೆಡ್ಡನ್ನು ಒತ್ತುವುದಿಲ್ಲ. ಟಾರ್ಕ್ ವ್ರೆಂಚ್ (ಬೋಲ್ಟ್ ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಸ್ಪಾನರ್) ಕಟಕ್ ಎನ್ನುತ್ತದೆ, ಮೆಕ್ಯಾನಿಕ್ ಖುಷಿಯಾಗಿ ಮುಂದಿನ ಬೋಲ್ಟ್‌ಗೆ ಹೋಗುತ್ತಾನೆ, ಹೆಡ್ ಸಡಿಲವಾಗಿಯೇ ಉಳಿಯುತ್ತದೆ. ಟಾರ್ಕ್ ವ್ರೆಂಚ್ ಇರುವ ಶೆಡ್‌ನ ಕಥೆ ಇದು. ಇಲ್ಲದ ಕಡೆ ತೋಳಿನ ಅಂದಾಜೇ ಟಾರ್ಕ್.

ಬಿಚ್ಚಿದ ಹಳೆಯ ಗ್ಯಾಸ್ಕೆಟ್ ಇಟ್ಟುಕೊಂಡಿದ್ದೀರಾ? ಸಿಲಿಂಡರ್ ಸುತ್ತಲಿನ ಉಕ್ಕಿನ ಉಂಗುರದ ಅಂಚು ನೋಡಿ. ಅನಿಲ ನುಗ್ಗಿದ ಕಡೆ ಕರಿ ಗೆರೆ ಇದ್ದೇ ಇರುತ್ತದೆ.

ಟ್ಯಾಕ್ಸಿಸ್ಟ್ಯಾಂಡ್
ಥರ್ಮೋಸ್ಟಾಟ್ ತೆಗೆದದ್ದು ಒಳ್ಳೆಯದೇ ಆಯಿತು. ನಾನು ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಹೊಸ ಗಾಡಿ ಬಂದ ವಾರವೇ ತೆಗೆಸುತ್ತೇನೆ. ನಮ್ಮ ದೇಶದ ಸೆಕೆಗೆ ಅದು ಬೇಡವೇ ಬೇಡ. ಚಳಿ ದೇಶದವರ ಉಪಕರಣ.

ಹಳೇಗಾಡಿ
ಇದೇ ಮಾತು ಕೇಳಿ ಕೇಳಿ ನನ್ನ ತಲೆ ಕುದಿಯುತ್ತಿದೆ. ಸ್ವಾಮಿ, ಎಂಜಿನ್ ಸುಮಾರು 80ರಿಂದ 90 ಡಿಗ್ರಿಯಲ್ಲಿ ಓಡಲೆಂದೇ ಮಾಡಿದ್ದು. ಥರ್ಮೋಸ್ಟಾಟ್ ತೆಗೆದರೆ ಕೆಳಗೆ ಬಯಲಲ್ಲಿ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಕುಡಿಯುತ್ತದೆ, ಆಯಿಲ್‌ನಲ್ಲಿ ನೀರಿನ ಪಸೆ ಹಾಗೇ ಉಳಿಯುತ್ತದೆ. ಥರ್ಮೋಸ್ಟಾಟ್ ಕೆಟ್ಟಿದೆಯೋ ಇಲ್ಲವೋ ನೋಡಲು ಅಡುಗೆಮನೆಯ ಪಾತ್ರೆ ಸಾಕು. ನೀರಲ್ಲಿ ಮುಳುಗಿಸಿ ಒಲೆಯ ಮೇಲಿಡಿ, ನೀರು ಕುದಿಯುವ ಮೊದಲೇ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ.

ಟ್ಯಾಕ್ಸಿಸ್ಟ್ಯಾಂಡ್
ಮೂವತ್ತು ವರ್ಷದಲ್ಲಿ ನನ್ನ ಒಂದು ಗಾಡಿಯೂ ಕುದಿದಿಲ್ಲ. ಪಾತ್ರೆಯಲ್ಲಿ ಬೇಯಿಸುವವರು ಬೇಯಿಸಲಿ.

ಮರಳುಗಾಡು
ಕುವೈತಿನಲ್ಲಿದ್ದೇನೆ, ಊರು ಪುತ್ತೂರು. ಇಲ್ಲಿ 50 ಡಿಗ್ರಿ ಬಿಸಿಲಿನಲ್ಲೂ ಎಲ್ಲ ಗಾಡಿಯಲ್ಲಿ ಥರ್ಮೋಸ್ಟಾಟ್ ಇದೆ, ಸೆಕೆಯ ವಾದ ನಿಲ್ಲುವುದಿಲ್ಲ ಅಣ್ಣ.

ನನ್ನ ಅನುಮಾನ ಆ ಹಳೆಯ ಮುಚ್ಚಳದ ಮೇಲೆ. ಅದರ ಮೇಲೆ 0.9 ಎಂದು ಬರೆದಿರುತ್ತದೆ, ಅಂದರೆ ಹೊರಗಿನ ಗಾಳಿಗಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡ. ಅಷ್ಟು ಒತ್ತಡ ಹಿಡಿದಿಟ್ಟರೆ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸತ್ತು ರಬ್ಬರ್ ಒಣಗಿದರೆ ಒತ್ತಡವೇ ನಿಲ್ಲದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಎರಡನೇ ಗೇರಿನಲ್ಲಿ, ತುಂಬಿದ ಗಾಡಿಯಲ್ಲಿ ಘಟ್ಟ ಹತ್ತಿ ಹೋದವನಿಗೆ ಮುಚ್ಚಳ ಕೊಡುವ ಈ ಸುಮಾರು 20 ಡಿಗ್ರಿಯೇ ಜೀವ. ಮುಚ್ಚಳ ಬದಲಿಸಿ, ಇನ್ನೂರೋ ಮುನ್ನೂರೋ ರೂಪಾಯಿ.

ಅರಿಶಿನಡಬ್ಬಿ
ಒಂದು ಮುಷ್ಟಿ ಅರಿಶಿನ ಪುಡಿ ರೇಡಿಯೇಟರಿಗೆ ಹಾಕಿ ನೋಡಿ. ನಮ್ಮ ಲಾರಿಯಲ್ಲಿ ನಿಂತಿತ್ತು.

ಲೇತ್‌ಶೆಡ್
ರೇಡಿಯೇಟರ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಊರು ಮುಟ್ಟುವವರೆಗೆ ನಿಲ್ಲುತ್ತದೆ, ನಿಜ. ಆಮೇಲೆ ಅದೇ ಅರಿಶಿನ ಸಣ್ಣ ಕೊಳವೆಗಳಲ್ಲೆಲ್ಲ ಕೂತು ಗಟ್ಟಿಯಾಗುತ್ತದೆ. ಹಳದಿ ಕೆಸರು ಮೆತ್ತಿದ ಹೆಡ್‌ಗಳನ್ನು ತೊಳೆದು ತೊಳೆದು ನನ್ನ ಕೈಯೂ ಮದುಮಗನ ಕೈಯಾಗಿದೆ. ಇವರ ಗಾಡಿ ಹೊರಗೆ ಸೋರುತ್ತಲೇ ಇಲ್ಲ, ಅರಿಶಿನ ಏನನ್ನು ಮುಚ್ಚಬೇಕು?

ತೋಟದಮನೆ
ವಿಷಯ ಬೇರೆಯಾದರೂ ಹೇಳುತ್ತೇನೆ. ಕೂಲಂಟ್ ಬದಲಿಸುವಾಗ ಬಾಣಲೆಯಲ್ಲಿ ಹಿಡಿದು ಅಂಗಳದಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ. ಹಾಗೆಯೇ ನಮ್ಮ ನಾಯಿ ಮೂರನೇ ದಿನಕ್ಕೆ ಹೋಯಿತು, ಕಿಡ್ನಿ ಕೈಕೊಟ್ಟಿತು ಎಂದರು ವೈದ್ಯರು.

ನರ್ಸರಿಮನೆ
ತೋಟದಮನೆಯವರೇ, ಬೇಸರವಾಯಿತು. ನಮ್ಮಲ್ಲೂ ಎರಡು ನಾಯಿ ಇವೆ, ಬಾಣಲೆ ಇವತ್ತೇ ಒಳಗಿಟ್ಟೆ.

ಹೊಸ ಮುಚ್ಚಳ ಹಾಕಿದೆ. ಥರ್ಮೋಸ್ಟಾಟ್ ಕೂಡ ಹಾಕಿಸಿದೆ (ಟ್ಯಾಕ್ಸಿಸ್ಟ್ಯಾಂಡ್ ಅವರು ಕ್ಷಮಿಸಬೇಕು). ಗುಳ್ಳೆ ಮೊದಲಿನ ಹಾಗೆಯೇ ಇದೆ. ಘಟ್ಟದಲ್ಲಿ ಜೋಡುಪಾಲ ದಾಟುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರಿತು, ನಿಲ್ಲಿಸಿ ತಣ್ಣಗಾಗಲು ಒಂದು ಗಂಟೆ ಕಾದೆ.

ಬಿಚ್ಚಿದ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಎರಡು ಸಿಕ್ಕವು. ಮೊದಲನೆಯದರಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ನಡುವೆ ಸುಟ್ಟು ತೂತಾಗಿದೆ. ಎರಡನೆಯದರಲ್ಲಿ ಏನೂ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಉಂಗುರದ ಸುತ್ತ ಉಗುರಿನಿಂದ ಗೀರಿ ನೋಡಿದೆ, ಕರಿ ಗೆರೆಯೇ ಇಲ್ಲ.

ಲೇತ್‌ಶೆಡ್
ಹಾಗಾದರೆ ಎರಡನೆಯದನ್ನು ಬಿಚ್ಚಿದ್ದೇ ದಂಡ. ಗುಳ್ಳೆ ನೋಡಿ ಹೆದರಿ ಬಿಚ್ಚಿದ್ದಾರೆ.

ಈಗ ಉಳಿದ ಅನುಮಾನ: ಹೆಡ್‌ನಲ್ಲೇ ಬಿರುಕು. ವಾಲ್ವ್ ಕೂರುವ ಸೀಟುಗಳ ನಡುವೆ ಕೂದಲೆಳೆಯಷ್ಟು. ಅದನ್ನು ನೋಡಲು ಹೆಡ್‌ನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಬಿಸಿನೀರಲ್ಲಿ ಮುಳುಗಿಸಬೇಕು, ಅಂದರೆ ಮತ್ತೆ ಬಿಚ್ಚಬೇಕು. ಅದಕ್ಕೆ ಮೊದಲು ನೀಲಿ ದ್ರವದ ಪರೀಕ್ಷೆ ಮಾಡಿಸಿ. ಗಾಜಿನ ನಳಿಕೆಯಲ್ಲಿ ನೀಲಿ ದ್ರವ ಇರುತ್ತದೆ, ರೇಡಿಯೇಟರ್ ಬಾಯಿಗೆ ಇಟ್ಟು ಅಲ್ಲಿನ ಗಾಳಿಯನ್ನು ಅದರ ಮೂಲಕ ಎಳೆಯಬೇಕು. ಸುಟ್ಟ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಗಿದರೆ ಹಳದಿಯಾಗುತ್ತದೆ. ಪುತ್ತೂರು, ಮಂಗಳೂರಿನ ದೊಡ್ಡ ಶೆಡ್‌ಗಳಲ್ಲಿ ಕೇಳಿ ನೋಡಿ.

ನರ್ಸರಿಮನೆ
ಪುತ್ತೂರಿನಲ್ಲಿ ಒಬ್ಬರ ಹತ್ತಿರ ಸಿಕ್ಕಿತು, ಎರಡು ದಿನಕ್ಕೆ ಎರವಲು ತಂದೆ. ಹದಿನೈದು ನಿಮಿಷ ಎಂಜಿನ್ ಓಡಿಸಿ ಎಳೆದೆ. ಗುಳ್ಳೆ ಬರುತ್ತಲೇ ಇದೆ, ದ್ರವ ಮಾತ್ರ ಅದೇ ನೀಲಿ.

ಟ್ಯಾಕ್ಸಿಸ್ಟ್ಯಾಂಡ್
ದ್ರವ ಹಳೆಯದಾಗಿ ಸತ್ತಿರುತ್ತದೆ. ಇಂಥ ಪುಸ್ತಕದ ಪರೀಕ್ಷೆಗಳೆಲ್ಲ ಹೀಗೆಯೇ.

ಲೇತ್‌ಶೆಡ್
ಅನುಮಾನ ನ್ಯಾಯವಾದದ್ದೇ, ಪರಿಹಾರ ಸುಲಭ. ಸ್ವಲ್ಪ ದ್ರವವನ್ನು ಲೋಟಕ್ಕೆ ಹಾಕಿ, ಎಳನೀರು ಕುಡಿಯುವ ಕೊಳವೆಯಿಂದ ಉಸಿರು ಬಿಡಿ. ಒಳಗೆಳೆದುಕೊಳ್ಳಬೇಡಿ ಮತ್ತೆ! ನಮ್ಮ ಉಸಿರಿನಲ್ಲೂ ಅದೇ ಅನಿಲ ಇದೆ. ದ್ರವಕ್ಕೆ ಜೀವವಿದ್ದರೆ ಬಣ್ಣ ತಿರುಗುತ್ತದೆ.

ನರ್ಸರಿಮನೆ
ಊದಿದೆ. ಮೊದಲು ಹಸಿರಾಯಿತು, ಆಮೇಲೆ ನಿಂಬೆಹಣ್ಣಿನ ಬಣ್ಣ. ಮಗಳು ಇನ್ನೊಂದು ಸಲ ತಾನು ಊದುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ಹಳೇಗಾಡಿ
ಅಂದರೆ ದ್ರವ ಸರಿಯಿದೆ, ಗುಳ್ಳೆ ಸಿಲಿಂಡರಿನಿಂದ ಬರುತ್ತಿಲ್ಲ. ಮತ್ತೆ ಯಾವ ಗಾಳಿ ಅದು? ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಒಂದೆರಡು ದಿನದಲ್ಲಿ ಹೊರಟುಹೋಗಬೇಕು. ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ ನೀರು ತುಂಬಿದಿರಾ?

ನರ್ಸರಿಮನೆ
ತುಂಬಿದ್ದೇನೆ. ನಮ್ಮ ಮನೆಯ ದಾರಿಯೇ ಏರು.

ಘಟ್ಟದಕೆಳಗೆ
ನಾನು ಮೊದಲೇ ಹೇಳಿದ್ದೆ. ಮಾರಿಬಿಡಿ.

ಶಾಲಾವ್ಯಾನ್
ಈಗ ಓದಿದೆ. ಒಂದೇ ಪ್ರಶ್ನೆ. ಗಾಡಿಗೆ ಎಲ್‌ಪಿಜಿ ಕಿಟ್ ಇದೆಯೇ?

ನರ್ಸರಿಮನೆ
ಇದೆ. ಹತ್ತು ವರ್ಷದ ಹಿಂದೆ ಹಾಕಿಸಿದ್ದು, ಆರ್‌ಸಿಯಲ್ಲೂ ದಾಖಲಾಗಿದೆ. ಮಂಗಳೂರಿಗೆ ಹೋದಾಗ ತುಂಬಿಸಿಕೊಂಡು ಬರುತ್ತೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೇಗಾಡಿ
ಇಷ್ಟು ದಿನ ಹೇಳಬಾರದಿತ್ತೇ!!

ಶಾಲಾವ್ಯಾನ್
ಸಂಬಂಧ ಇದೆ. ನಾನು ಗ್ಯಾಸ್ ಓಮ್ನಿಗಳನ್ನೇ ಎಂಟು ವರ್ಷ ಶಾಲೆಗೆ ಓಡಿಸಿದವನು.

ಟ್ಯಾಂಕಿನಲ್ಲಿ ಗ್ಯಾಸ್ ದ್ರವವಾಗಿ ಇರುತ್ತದೆ. ಎಂಜಿನ್ನಿಗೆ ಹೋಗುವ ಮೊದಲು ಅದು ರೆಡ್ಯೂಸರ್‌ನಲ್ಲಿ ಆವಿಯಾಗಬೇಕು. ಆವಿಯಾಗುವಾಗ ಸುತ್ತಲಿನ ಬಿಸಿಯನ್ನೆಲ್ಲ ಹೀರುತ್ತದೆ, ಹಾಗೇ ಬಿಟ್ಟರೆ ಆ ಡಬ್ಬಿ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೆ ಎಂಜಿನ್ನಿನ ಬಿಸಿ ಕೂಲಂಟನ್ನು ಎರಡು ಸಣ್ಣ ಹೋಸ್‌ಗಳಲ್ಲಿ ಅದರೊಳಗೆ ಹಾಯಿಸಿರುತ್ತಾರೆ. ಒಂದು ಕಡೆ ಗ್ಯಾಸ್, ಒಂದು ಕಡೆ ನೀರು, ನಡುವೆ ತೆಳು ಅಲ್ಯೂಮಿನಿಯಂ ಗೋಡೆ, ಒಂದು ರಬ್ಬರ್ ಸೀಲು. ಹತ್ತು ವರ್ಷದಲ್ಲಿ ಆ ಸೀಲು ಹೋಗುತ್ತದೆ, ಇಲ್ಲವೇ ಗೋಡೆಯೇ ತುಕ್ಕು ತಿಂದು ತೂತಾಗುತ್ತದೆ.

ಆಮೇಲೆ ಆಟ ಶುರು. ಎಂಜಿನ್ ತಣ್ಣಗಿದ್ದಾಗ, ಮುಚ್ಚಳ ತೆಗೆದಿಟ್ಟಾಗ ಗ್ಯಾಸಿನ ಒತ್ತಡ ಹೆಚ್ಚು, ಗ್ಯಾಸ್ ನೀರಿಗೆ ನುಗ್ಗುತ್ತದೆ. ಅದೇ ನಿಮ್ಮ ಸೋಡಾ ಗುಳ್ಳೆ. ಸುಡದ ಗ್ಯಾಸ್ ಆದ್ದರಿಂದ ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಎಂಜಿನ್ ಬಿಸಿಯಾಗಿ ನೀರಿನ ಒತ್ತಡ ಏರಿದಾಗ ತಿರುಗುಮುರುಗು, ನೀರು ಗ್ಯಾಸ್ ಕಡೆಗೆ ಹೋಗಿ ಮಿಕ್ಸರ್ (ಗ್ಯಾಸನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಮೂಲಕ ಎಂಜಿನ್ ಸೇರುತ್ತದೆ. ಬಿಳಿ ಹೊಗೆ, ಸೋರದೆ ಕಾಣೆಯಾಗುವ ನೀರು. ಮಿಕ್ಸರಿನಿಂದ ಹೋದದ್ದು ಮೂರೂ ಸಿಲಿಂಡರಿಗೆ ಸಮನಾಗಿ ಹಂಚಿಹೋಗುತ್ತದೆ.

ಹಳೇಗಾಡಿ
ಮೂರು ಪ್ಲಗ್ಗೂ ಬೆಳ್ಳಗಿದ್ದದ್ದು ಅದಕ್ಕೆ! ‘ವಿಚಿತ್ರ’ ಎಂದು ಬರೆದು ಸುಮ್ಮನಾದೆನಲ್ಲ, ನನ್ನ ಬುದ್ಧಿಗಿಷ್ಟು.

ಟ್ಯಾಕ್ಸಿಸ್ಟ್ಯಾಂಡ್
ಮೊದಲ ಗ್ಯಾಸ್ಕೆಟ್ ಸುಟ್ಟಿತ್ತಲ್ಲ, ಅದೂ ಎಲ್‌ಪಿಜಿ ಮಾಡಿದ್ದೇ?

ಶಾಲಾವ್ಯಾನ್
ಸುತ್ತಿ ಬಳಸಿ ಹೌದು. ನೀರು ಕಡಿಮೆಯಾಯಿತು, ಗ್ಯಾಸ್ ಹೋಗಿ ಹೆಡ್‌ನ ಮೇಲ್ಭಾಗದಲ್ಲಿ ಕೂತಿತು, ಘಟ್ಟದಲ್ಲಿ ಕುದಿಯಿತು, ಎರಡು ಸಿಲಿಂಡರಿನ ನಡುವಿನ ಸಣ್ಣ ಜಾಗ ಮೊದಲು ಸುಟ್ಟಿತು. ಗ್ಯಾಸ್ಕೆಟ್ ಹಾಕಿದವರು ಕಿಟ್ ಮುಟ್ಟಲಿಲ್ಲ.

ನರ್ಸರಿಯವರೇ, ಯಾವಾಗಲಾದರೂ ಗ್ಯಾಸ್ ಮುಗಿದು ಬರೀ ಪೆಟ್ರೋಲ್‌ನಲ್ಲಿ ಓಡಿಸಿದ್ದಿರಾ? ಆಗ ಹೇಗಿತ್ತು?

ನರ್ಸರಿಮನೆ
ಅಯ್ಯೋ, ಹೌದು. ಎರಡನೇ ಗ್ಯಾಸ್ಕೆಟ್ ಹಾಕಿದ ಮೇಲೆ ಸುಮಾರು ಒಂದು ತಿಂಗಳು ಮಂಗಳೂರಿಗೆ ಹೋಗಲಾಗಲಿಲ್ಲ, ಪೆಟ್ರೋಲ್‌ನಲ್ಲೇ ಓಡಿಸಿದೆ. ಗಾಡಿ ಸರಿಹೋಯಿತು ಎಂದು ಮೆಕ್ಯಾನಿಕ್‌ಗೆ ಒಂದು ಗೊನೆ ನೇಂದ್ರ ಬಾಳೆ ಕೊಟ್ಟಿದ್ದೆ.

ಮರಳುಗಾಡು
ಬಾಳೆಗೊನೆ ವಾಪಸ್ ಕೇಳಿ.

ತೋಟದಮನೆ
ನಗುವ ಮಾತಲ್ಲ ಇದು. ರೇಡಿಯೇಟರ್ ಬಾಯಿಯಲ್ಲಿ ಬರುತ್ತಿರುವುದು ಉರಿಯುವ ಗ್ಯಾಸ್. ಅದು ಗಾಳಿಗಿಂತ ಭಾರ, ಗಾಡಿಯ ತಳದಲ್ಲೇ ನಿಲ್ಲುತ್ತದೆ, ಓಮ್ನಿಯಲ್ಲಿ ಎಂಜಿನ್ ಇರುವುದೇ ಸೀಟಿನ ಕೆಳಗೆ. ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಮೊದಲು ಟ್ಯಾಂಕಿನ ಮೇಲಿನ ವಾಲ್ವ್ ಕೈಯಿಂದ ತಿರುಗಿಸಿ ಮುಚ್ಚಿ.

ಶಾಲಾವ್ಯಾನ್
ಅದೇ ಮೊದಲ ಕೆಲಸ. ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಮುಗಿಯುವವರೆಗೆ ಬಯಲಲ್ಲಿ ಓಡಿಸಿ, ಆಫ್ ಮಾಡಿ. ಪೂರ್ತಿ ತಣ್ಣಗಾದ ಮೇಲೆ ರೆಡ್ಯೂಸರಿನ ತಳದಲ್ಲಿರುವ ಸಣ್ಣ ಬೋಲ್ಟ್ ಬಿಚ್ಚಿ. ಗ್ಯಾಸಿನಲ್ಲಿ ಬರುವ ಕರಿ ಜಿಡ್ಡು ಇಳಿಸಲು ಅದನ್ನು ಇಟ್ಟಿರುತ್ತಾರೆ. ಬರೀ ಜಿಡ್ಡು ಬಂದರೆ ನನ್ನ ಮಾತು ಸುಳ್ಳು.

ನರ್ಸರಿಮನೆ
ಬಿಚ್ಚಿದೆ. ಮೊದಲು ಡಾಂಬರಿನ ಹಾಗೆ ಕರಿ ಜಿಡ್ಡು ಎರಡು ಚಮಚದಷ್ಟು ಇಳಿಯಿತು, ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ನಿಂತುಹೋಯಿತು. ಇಷ್ಟೇ ಎಂದುಕೊಂಡು ಬೋಲ್ಟ್ ಕೈಗೆತ್ತಿಕೊಂಡಾಗ ಒಂದು ಹನಿ ಹಸಿರು ಬಂತು, ಹಿಂದೆಯೇ ಇನ್ನೊಂದು. ಕೆಳಗೆ ಹಿಡಿದಿದ್ದ ತೆಂಗಿನ ಚಿಪ್ಪಿನ ಅರ್ಧ ತುಂಬಿತು. ಗ್ಯಾಸ್ ಇರಬೇಕಾದ ಜಾಗದಲ್ಲಿ ಕೂಲಂಟ್. ಚಿಪ್ಪನ್ನು ನಾಯಿಗೆ ಸಿಗದಂತೆ ಮೇಲಿಟ್ಟಿದ್ದೇನೆ.

ಕಿಟ್‌ಗೆ ಹೋಗುವ ಎರಡು ನೀರಿನ ಹೋಸ್ ಕಳಚಿ, ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದೆ. ಗ್ಯಾಸ್ ವಾಲ್ವ್ ಬಂದ್. ಗುಳ್ಳೆ ಇಲ್ಲ.

ಲೇತ್‌ಶೆಡ್
ಮೂರು ಟ್ರಿಪ್ ಆಗುವವರೆಗೆ ಕುಣಿಯಬೇಡಿ. ದಿನಾ ಬೆಳಿಗ್ಗೆ, ತಣ್ಣಗಿರುವಾಗ ಮಟ್ಟ ನೋಡಿ ಬರೆದಿಡಿ.

ನರ್ಸರಿಮನೆ
ಹನ್ನೆರಡನೇ ದಿನ. ನಾಲ್ಕು ಸಲ ಮಡಿಕೇರಿ ಮುಟ್ಟಿ ಬಂದೆ, ಒಂದು ಸಲ ಗಾಡಿ ತುಂಬ ಮಣ್ಣು ತುಂಬಿದ ಬಳ್ಳಿಯ ತೊಟ್ಟೆ (ಪ್ಲಾಸ್ಟಿಕ್ ಚೀಲ). ಮುಳ್ಳು ಅರ್ಧ ದಾಟಲಿಲ್ಲ. ಬಾಟಲಿಯಲ್ಲಿ ಗೆರೆ ಹಾಕಿದ್ದೆ, ಕೂಲಂಟ್ ಆ ಗೆರೆಯಲ್ಲೇ ಇದೆ. ಮೆಕ್ಯಾನಿಕ್‌ಗೆ ಚಿಪ್ಪು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಗ್ಯಾಸ್ ಕಿಟ್ ನನ್ನ ಕೆಲಸ ಅಲ್ಲ ಎಂದು ಮುಟ್ಟಲಿಲ್ಲ’ ಎಂದರು. ಬೈಯಲು ಮನಸ್ಸಾಗಲಿಲ್ಲ. ಕಿಟ್ ಇದೆ ಎಂದು ನಾನು ನಿಮಗೂ ಹೇಳಿರಲಿಲ್ಲವಲ್ಲ.

ಬಯಲುಸೀಮೆ
ಕಿಟ್ ರಿಪೇರಿ ಮಾಡಿಸುತ್ತೀರಾ, ತೆಗೆಸುತ್ತೀರಾ?

ಶಾಲಾವ್ಯಾನ್
ರಿಪೇರಿ ಕಿಟ್ ಬರುತ್ತದೆ, ಡಯಾಫ್ರಾಮ್ (ರಬ್ಬರ್ ಪೊರೆ) ಮತ್ತು ಸೀಲುಗಳ ಸೆಟ್. ಗೋಡೆಯೇ ತೂತಾಗಿದ್ದರೆ ಹೊಸ ರೆಡ್ಯೂಸರ್ ಬೇಕು. ಅಧಿಕೃತ ಕೇಂದ್ರದಲ್ಲೇ ಮಾಡಿಸಿ, ಮನೆಯಲ್ಲಿ ಬಿಚ್ಚುವ ವಸ್ತುವಲ್ಲ. ಟ್ಯಾಂಕನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಮಾಡಿಸಿದ್ದೀರಾ? ತೆಗೆಸುವುದಾದರೆ ಆರ್‌ಸಿಯಲ್ಲೂ ತೆಗೆಸಬೇಕು, ಇಲ್ಲದಿದ್ದರೆ ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರ) ಹೋದಾಗ ತಗಾದೆ.

ನರ್ಸರಿಮನೆ
ಟ್ಯಾಂಕ್ ಪರೀಕ್ಷೆ... ಒಂದು ಸಲ ಮಾಡಿಸಬೇಕಿತ್ತು. ತೆಗೆಸಿಯೇ ಬಿಡುತ್ತೇನೆ. ಆ ಟ್ಯಾಂಕಿನ ಜಾಗದಲ್ಲಿ ಇನ್ನೂ ನಲವತ್ತು ತೊಟ್ಟೆ ಹಿಡಿಯುತ್ತದೆ.

ಟ್ಯಾಕ್ಸಿಸ್ಟ್ಯಾಂಡ್
ಥರ್ಮೋಸ್ಟಾಟ್ ತೆಗೆದಿದ್ದರೂ ಹೀಗೆಯೇ ಸರಿಹೋಗುತ್ತಿತ್ತು, ಅದನ್ನು ಮರೆಯಬೇಡಿ.

ಹಳೇಗಾಡಿ
ಶುರುವಾಯಿತು.

ಕೊಡಗಿನಕಾಫಿ
ಸಾರ್, ನನ್ನ ಓಮ್ನಿಯಲ್ಲೂ ಇದೇ ಥರ ಗುಳ್ಳೆ ಬರುತ್ತಿದೆ. ಆದರೆ ನನ್ನದರಲ್ಲಿ ಗ್ಯಾಸ್ ಕಿಟ್ ಇಲ್ಲ, ಆಯಿಲ್ ಮಜ್ಜಿಗೆಯ ಹಾಗಿದೆ.

ಲೇತ್‌ಶೆಡ್
ನಿಮ್ಮದು ಗ್ಯಾಸ್ಕೆಟ್ಟೇ. ಗಾಡಿ ಸ್ಟಾರ್ಟ್ ಮಾಡಬೇಡಿ, ಹೊಸ ಚರ್ಚೆ ತೆರೆಯಿರಿ.